ಸ್ಕಿಪ್‌ಜಾಕ್ ಮೀನು ಮತ್ತು ಅಧ್ಯಕ್ಷರ ಬೆಕ್ಕು

ಮೀನಂಗಡಿಯವನಿಗೆ ನಗು ಬರಿಸುವ ಜನ ದಿನಾ ಸಿಗುತ್ತಾರೆ, ನಗುವ ಮನಸ್ಸಿರುವುದಿಲ್ಲ ಅಷ್ಟೆ. ಜಯನಗರದಲ್ಲಿ ವಾಸನೆ ಅಂತ ಅಂಗಡಿ ಎಬ್ಬಿಸಿದರು. ಜೆ.ಪಿ. ನಗರದಲ್ಲೂ ಅದೇ ಕಥೆ. ಆಮೇಲೆ ಬಂದದ್ದು ಕುಮಾರಸ್ವಾಮಿ ಲೇಔಟ್‌ಗೆ. ಇಲ್ಲಿಂದಲೂ ಎತ್ತಿಸಿದರೆ ಮತ್ತೆ ಶುರು ಮಾಡುವ ತ್ರಾಣ ನನಗಿರಲಿಲ್ಲ.

ಬೋರ್ಡು

ನಮ್ಮ ಕರಾವಳಿಯ ಕೇದರ್ ಮೀನನ್ನು ಅದೇ ಹೆಸರಿನಲ್ಲಿ ಬೋರ್ಡಿಗೆ ಹಾಕಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ಸಿಟ್ಟು ಬಂದು ಅಳಿಸಿ ಅದರ ಇಂಗ್ಲಿಷ್ ಹೆಸರು 'ಸ್ಕಿಪ್‌ಜಾಕ್ ಟ್ಯೂನ' ಅಂತ ಬರೆದೆ. ಮಾರನೇ ದಿನವೇ ಒಬ್ಬರು ಮೇಡಂ ಕಾರು ನಿಲ್ಲಿಸಿ ಇಳಿದರು.

"ಇಂಪೋರ್ಟೆಡ್ ಅಲ್ವಾ?"

"ಮಲ್ಪೆಯಿಂದ ಬಂದಿದ್ದು ಮೇಡಂ."

"ಅಯ್ಯೋ, ಲೋಕಲ್ಲಾ?" ಎಂದವರೇ ಕಾರು ಹತ್ತಿದರು. ಅರಬ್ಬೀ ಸಮುದ್ರಕ್ಕೊಂದು ಪಾಸ್‌ಪೋರ್ಟ್ ಮಾಡಿಸಬೇಕಿತ್ತು.

ಹೆಸರು

ಜಿಮ್ಮಿಗೆ ಹೋಗುವ ಹುಡುಗನೊಬ್ಬ, "ಅಣ್ಣ, ಅದೇನು ಹೆಸರು ಹಂಗಿದೆ?" ಅಂತ ಕೇಳಿದ. ಕೇಳುವವರೇ ಅಪರೂಪ, ಖುಷಿಯಿಂದ ವಿವರಿಸಿದೆ.

"ಸ್ಕಿಪ್ ಅಂದ್ರೆ ನೆಗೆಯೋದು. ಜಾಕ್ ಅಂದ್ರೆ ಯಾವನೋ ಒಬ್ಬ, ಅಷ್ಟೇ. ಈ ಮೀನು ನೀರಿಂದ ಮೇಲಕ್ಕೆ ನೆಗೀತಾ ಹೋಗುತ್ತೆ, ಅದಕ್ಕೇ ಆ ಹೆಸರು."

ಅವನು ಐಸಿನ ಮೇಲೆ ಮಲಗಿದ್ದ ಮೀನನ್ನು ಬಗ್ಗಿ ನೋಡಿದ. "ಇದು ನೆಗೀತಾನೇ ಇಲ್ವಲ್ಲಣ್ಣ. ಫ್ರೆಶ್ ಅಲ್ಲ ಅನ್ಸುತ್ತೆ."

ಬೆಕ್ಕು

ನಮ್ಮ ರಸ್ತೆಯ ನಿವಾಸಿಗಳ ಸಂಘದ ಅಧ್ಯಕ್ಷರು ಮೀನು ಮುಟ್ಟದ ಮನೆಯವರು, ನಿವೃತ್ತರು. ಮಂಡಿನೋವಿಗೆ ಡಾಕ್ಟರು ಮೀನು ತಿನ್ನಿ ಅಂದರಂತೆ. ಅಂದಿನಿಂದ ಅವರು ವಾರಕ್ಕೊಮ್ಮೆ ಅಂಗಡಿಯ ಹಿಂದಿನ ಬಾಗಿಲಿಗೆ ಬಟ್ಟೆ ಚೀಲ ಹಿಡಿದು ಬರತೊಡಗಿದರು.

"ಮನೇಲಿ ಬೆಕ್ಕಿದೆ ಕಣ್ರೀ, ಅದಕ್ಕೆ. ಪೊಟ್ಟಣದ ಮೇಲೆ ಮೀನು ಅಂತ ಬರೀಬೇಡಿ. ಆ ಸ್ಕಿಪ್‌ಜಾಕ್ ಅಂತಾನೇ ಬರೀರಿ, ಮನೇಲಿ ಯಾರಿಗೂ ಗೊತ್ತಾಗಲ್ಲ."

ನಾನು ಮೀನು ಕಟ್ಟುತ್ತಿದ್ದಾಗ ತಗ್ಗಿದ ದನಿಯಲ್ಲಿ ಸೇರಿಸಿದರು, "ಮಸಾಲೆನೂ ಹಚ್ಚಿಬಿಡಿ. ಬೆಕ್ಕಿಗೆ ಸ್ವಲ್ಪ ಖಾರ ಬೇಕು."

ಮೀಟಿಂಗು

ಕಳೆದ ತಿಂಗಳು ಸಂಘದ ಮೀಟಿಂಗಿಗೆ ನನ್ನನ್ನೂ ಕರೆದರು. ಎದ್ದು ನಿಂತು ಮಾತಾಡಿದವರು ಅಧ್ಯಕ್ಷರೇ. "ಮೀನಿನ ವಾಸನೆಗೆ ನಮ್ಮ ಮನೇಲಿ ಅನ್ನ ಸೇರ್ತಿಲ್ಲ" ಎಂದರು. ಅಂಗಡಿ ಬೇಡ ಅಂತ ಎಲ್ಲರೂ ಕೈ ಎತ್ತಿದರು. ಬೆಕ್ಕಿನ ವಿಷಯ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ನಂಬುವವರು ಯಾರು? ಎದ್ದು ಬಂದೆ. ಅಂಗಡಿ ಖಾಲಿ ಮಾಡಲು ಕಟ್ಟಡದ ಮಾಲೀಕರು ಅಂದೇ ಹೇಳಿದರು.

ಮರುದಿನ ಐಸಿನ ಪೆಟ್ಟಿಗೆ ತೊಳೆಯುತ್ತಿದ್ದೆ. ಹಿಂದಿನ ಬಾಗಿಲಲ್ಲಿ ಅದೇ ಬಟ್ಟೆ ಚೀಲ.

"ಮುಂದೆ ಎಲ್ಲಿ ಅಂಗಡಿ?" ಅಧ್ಯಕ್ಷರು ಕೇಳಿದರು.

"ಉತ್ತರಹಳ್ಳಿ ಆಚೆ ಎಲ್ಲಾದ್ರೂ ನೋಡ್ಬೇಕು ಸಾರ್."

ಅವರ ಮುಖ ನಿಜಕ್ಕೂ ಬಾಡಿತು. "ಅಷ್ಟು ದೂರನಾ? ಸ್ವಲ್ಪ ಯೋಚನೆ ಮಾಡ್ರೀ. ಈ ಮಂಡಿನೋವು ಇಟ್ಕೊಂಡು ಬೆಕ್ಕು ಬಸ್ ಹತ್ತೋದು ಹೇಗೆ?"