ಅರ್ಧ ಸೆಕೆಂಡು ತಡವಾಗಿ ಹಾಡುವಾಕೆ

ವಿಜ್ಞಾನ ಕಲಿಸುವ ಮೇಷ್ಟ್ರ ಮನೆಯಲ್ಲಿ ಯಾವ ಯಂತ್ರವೂ ನೆಟ್ಟಗಿರುವುದಿಲ್ಲ ಎಂಬುದು ನನ್ನ ಹೆಂಡತಿಯ ಖಚಿತ ಅಭಿಪ್ರಾಯ. ಬೇರೆಯವರ ಮನೆಯಲ್ಲಿ ಮಿಕ್ಸರ್ ಕೆಟ್ಟರೆ ರಿಪೇರಿ ಅಂಗಡಿಗೆ ಹೋಗುತ್ತದೆ, ನಮ್ಮ ಮನೆಯಲ್ಲಿ ಕೆಡುವ ಮೊದಲೇ ನನ್ನ ಕೈಗೆ ಬರುತ್ತದೆ. ಬಿಚ್ಚಿ ಮತ್ತೆ ಜೋಡಿಸಿದಾಗ ಎರಡು ತಿರುಪು ಉಳಿದುಬಿಡುತ್ತವೆ. ಅವು ಮೊದಲಿನಿಂದಲೂ ಹೆಚ್ಚಾಗಿದ್ದವು ಎಂದು ನಾನು ವಾದಿಸುತ್ತೇನೆ. ಹುಮನಾಬಾದಿನ ಶಾಲೆಯಲ್ಲಿ ಶಬ್ದದ ವೇಗದ ಪಾಠವನ್ನು ಪ್ರತಿ ವರ್ಷ ಗಂಟಲು ಹರಿಯುವಂತೆ ಮಾಡಿದವನು ನಾನು. ಆದರೆ ಒಂದು ಮಾರುದ್ದದ ತಂತಿಯಲ್ಲಿ ದನಿ ಹೋಗಿ ಬರಲು ಅರ್ಧ ಸೆಕೆಂಡು ಏಕೆ ಬೇಕೆಂದು ಬೇರೊಬ್ಬರು ಹೇಳುವವರೆಗೆ ನನಗೆ ತಿಳಿಯಲಿಲ್ಲ. ಇದನ್ನು ನನ್ನ ವಿದ್ಯಾರ್ಥಿಗಳು ಯಾರೂ ಓದದಿರಲಿ.

ಪೆನ್‌ಡ್ರೈವನ್ನು ತಾಯಿತದಂತೆ ಕೊರಳಿಗೆ ಕಟ್ಟಿಕೊಂಡು ತಿರುಗುತ್ತಿದ್ದ ಕಾಲ ಅದು. ಹೈದರಾಬಾದಿಗೆ ಹೋಗಿಬರುವ ಗೆಳೆಯರೊಬ್ಬರ ಕೈಲಿ ಒಂದು ಯುಎಸ್‌ಬಿ ಆಡಿಯೋ ಡಬ್ಬಿ ತರಿಸಿದ್ದೆ. ಮುಂದೆ ಮೈಕಿನ ತೂತು, ಪಕ್ಕದಲ್ಲಿ ಹೆಡ್‌ಫೋನಿನ ತೂತು, ಹಿಂದಿನಿಂದ ಕಂಪ್ಯೂಟರಿಗೆ ಹೋಗುವ ತಂತಿ. ಹೊಸ ಸಾಮಾನು ಮನೆಗೆ ಬಂತೆಂದು ಹೆಂಡತಿ ಅದರ ಮೈಮೇಲೆಲ್ಲ ವಿಭೂತಿ ಪಟ್ಟೆ ಎಳೆದು, ಕುಂಕುಮವಿಟ್ಟು, ಊದುಬತ್ತಿ ಬೆಳಗಿದಳು. ಅದರ ಮೇಲೆ ಬಂದ ಮೊದಲ ಹೊಣೆ ಸಣ್ಣದೇನಲ್ಲ. ಮುಡಬಿಯಿಂದ ನನ್ನ ದೊಡ್ಡವ್ವ ಬಂದಿದ್ದಳು. ಅವಳ ಬಾಯಲ್ಲಿ ಉಳಿದಿದ್ದ ಮುಂದಿನ ನಾಲ್ಕು ಹಲ್ಲುಗಳನ್ನು ಸೋಮವಾರ ಕೀಳುವುದೆಂದು ಹಲ್ಲಿನ ಡಾಕ್ಟರು ಹೇಳಿಬಿಟ್ಟಿದ್ದರು.

“ತಮ್ಮಾ, ಹಲ್ಲು ಹೋದ್ರ ಹೋಗ್ಲಿ. ಆದ್ರ ನನ್ನ ಪದದಾಗ ಎಲ್ಲಾ ‘ಸ’ನ ಅವ. ಹಲ್ಲಿಲ್ಲದ ‘ಸ’ ಹ್ಯಾಂಗ ಅನ್ಲಿ? ಸೋಮಾರ ಆಗೂದ್ರಾಗ ನಿನ್ನ ಡಬ್ಬ್ಯಾಗ ತುಂಬಸ್ಕೋ,” ಎಂದಳು.

ಮಾತು ನಿಜ. ಬೀಸುವ ಕಲ್ಲಿಗೆ ಕೂತು ಹಾಡುವ ಅವಳ ಪದ ಶುರುವಾಗುವುದೇ “ಸಣ್ಣ ಹಿಟ್ಟಿನ ಕಲ್ಲ ಸಾವಕಾಶ ತಿರುಗವ್ವ, ಸೋದರ ಬರತಾನ ಸಂಜೀಗಿ” ಎಂದು. ಇಂಥವು ಅವಳ ಬಳಿ ಇಪ್ಪತ್ತಾದರೂ ಇದ್ದವು, ಬೇರೆ ಯಾರಿಗೂ ಬರುತ್ತಿರಲಿಲ್ಲ. ನಾನು ಗಂಭೀರವಾಗಿ ಮೈಕು ನಿಲ್ಲಿಸಿ, ಸೆರಗಿನ ಮೇಲಿಂದಲೇ ಅವಳ ಕಿವಿಗೆ ಹೆಡ್‌ಫೋನ್ ತೊಡಿಸಿದೆ. ಮೊದಲ ಸಾಲು ಹಾಡಿದಳು, ನಿಂತಳು. ಎರಡನೆಯದನ್ನು ಹಾಡಿದಳು, ಮತ್ತೆ ನಿಂತಳು. ಕಿವಿಯಲ್ಲಿ ಅವಳದೇ ದನಿ ತಡವಾಗಿ ಬರುತ್ತಿತ್ತು, ಅದು ಮುಗಿಯುವವರೆಗೆ ಅವಳು ಕಾಯುತ್ತಿದ್ದಳು. ಅವಳು ನಿಂತಾಗಲೆಲ್ಲ ನಾನು ತಡೆದು ಮೊದಲಿನಿಂದ ಹಾಡಿಸಿದೆ, ಅರ್ಧ ತಾಸಿನಲ್ಲಿ ಒಂದು ಪದವೂ ದಡ ಮುಟ್ಟಲಿಲ್ಲ. ಅದು ಶುಕ್ರವಾರ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸವಕಲ್ಯಾಣದ ಬಸ್ಸು ಹತ್ತಿದೆ. ಅಲ್ಲಿ ಮದುವೆಗಳ ವಿಡಿಯೋ ತೆಗೆಯುವ ಖಾಜಾಮಿಯಾ ಎಂಬವರಿದ್ದರು. ಅವರಿಗೆ ಇಂಥ ಡಬ್ಬಿಗಳೆಲ್ಲ ಬಾಯಿಪಾಠ. ನಾನು ಮೇಷ್ಟ್ರೆಂದು ತಿಳಿದೂ ಅವರು ನನ್ನನ್ನು ಬೆಂಚಿನ ಮೇಲೆ ಕೂಡಿಸಿ ಪಾಠ ಮಾಡಿದರು.

“ನೋಡ್ರಿ ಸರ್, ಮುಡಬಿಗಿ ಹೋಗೂ ಆಟೋದವ್ರು ಸೀಟು ಭರ್ತಿ ಆಗೂತನಾ ಗಾಡಿ ಬಿಡ್ತಾರೇನ್ರಿ? ಕಂಪ್ಯೂಟರ್ ಭೀ ಹಂಗ. ದನಿ ತುಸು ತುಸು ಕೂಡ್ಸಿ, ಭರ್ತಿ ಆದಮ್ಯಾಲೇ ಹೊಂಡ್ತದ. ಅದಕ್ಕ ಬಫರ್ ಅಂತಾರ. ಅದನ್ನ ಜರಾ ಕಮ್ಮಿ ಮಾಡ್ರಿ.”

“ಪೂರ್ತಿ ಕಮ್ಮಿ ಮಾಡಿದ್ರೆ?”

“ಹಂಗ ಮಾಡಬ್ಯಾಡ್ರಿ! ಇಬ್ಬರನ್ನ ಕೂಡ್ಸ್ಕೊಂಡು ಹೋಗಿ ಬಂದು, ಹೋಗಿ ಬಂದು ಗಾಡಿ ಸುಸ್ತಾಗ್ತದ. ಚಟ್‌ಪಟ್ ಅಂತದ. ಮತ್ತ ಡಬ್ಬಿ ಮ್ಯಾಲ ಡೈರೆಕ್ಟ್ ಅಂತ ಒಂದು ಬಟನ್ ಇರ್ತದ ನೋಡ್ರಿ. ಅದನ್ನ ಒತ್ತಿದ್ರ ದನಿ ಕಂಪ್ಯೂಟರಿಗಿ ಹೋಗದೇ ಸೀದಾ ಕಿವಿಗಿ ಬರ್ತದ.”

“ನಮ್ಮದರಲ್ಲಿ ಅಂಥದ್ದೇನೂ ಇಲ್ಲ,” ಎಂದೆ, ಖಡಕ್ಕಾಗಿ. ಮೇಷ್ಟ್ರಾದವನಿಗೆ ಗೊತ್ತಿಲ್ಲದ್ದು ಇರುವುದೇ ಇಲ್ಲ.

ಮನೆಗೆ ಬಂದವನೇ ಬಫರನ್ನು ತಳ ಮುಟ್ಟಿಸಿದೆ. ದನಿ ತಡವಾಗಲಿಲ್ಲ, ಆದರೆ ಹೆಡ್‌ಫೋನಿನಲ್ಲಿ ಒಗ್ಗರಣೆಯ ಸಾಸಿವೆ ಸಿಡಿಯಿತು. ದೊಡ್ಡವ್ವ ಬೆಚ್ಚಿ, ಒಲೆ ಆರಿಸಿ ಬಾ ಎಂದು ನನ್ನ ಹೆಂಡತಿಯನ್ನು ಕೂಗಿದಳು. ಆಂಟಿವೈರಸ್ ಎಂಬ ಕಾವಲುಗಾರನನ್ನು ಮನೆಗೆ ಕಳಿಸಿದೆ, ತಂತಿಯನ್ನು ಕಂಪ್ಯೂಟರಿನ ಮುಂದಿನ ತೂತಿನಿಂದ ಹಿಂದಿನದಕ್ಕೆ ಬದಲಿಸಿದೆ. ಸಾಸಿವೆ ನಿಂತರೆ ತಡ, ತಡ ನಿಂತರೆ ಸಾಸಿವೆ. ರವಿವಾರ ಬೆಳಿಗ್ಗೆ ಸಿಟ್ಟಿನಿಂದ ಡಬ್ಬಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ವಿಭೂತಿಯ ಪಟ್ಟೆಯ ಅಡಿಯಿಂದ ಒಂದು ಬಟನ್ ಎದ್ದುಬಂತು, ಅದರ ಕೆಳಗೆ ‘ಡೈರೆಕ್ಟ್’ ಎಂಬ ಅಕ್ಷರ. ಖಾಜಾಮಿಯಾರಿಗೆ ಮನಸ್ಸಿನಲ್ಲೇ ಸಲಾಂ ಹಾಕಿ ಒತ್ತಿದೆ. ಹಸಿರು ದೀಪ ಹತ್ತಿತು. ತಡವೂ ಇಲ್ಲ, ಸಾಸಿವೆಯೂ ಇಲ್ಲ! ಗೆದ್ದೆನೆಂದು ದೊಡ್ಡವ್ವನನ್ನು ಕರೆದೆ.

ಅವಳು ಒಂದು ಸಾಲು ಹಾಡಿ ನಿಂತಳು. ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಳು.

“ಯಾಕ ದೊಡ್ಡವ್ವಾ?”

“ಆಕಿ ಎಲ್ಲಿ ಹೋದ್ಲೋ?”

“ಯಾರು?”

“ಹಿಂದ ಹಾಡ್ತಿದ್ದಳಲ್ಲ, ಡಬ್ಬ್ಯಾಗಿನಾಕಿ. ಛಲೋ ದನಿ ಇತ್ತು. ನಾ ಬಿಟ್ಟದ್ದು ಹಿಡೀತಿದ್ದಳು.”

ಆಗ ನನಗೆ ಹೊಳೆಯಿತು. ಬೀಸುವ ಕಲ್ಲಿಗೆ ಎದುರುಬದುರು ಇಬ್ಬರು ಕೂಡುತ್ತಾರೆ. ಒಬ್ಬಾಕೆ ಸಾಲು ಹೇಳಿದರೆ, ಅದರ ಬಾಲವನ್ನು ಇನ್ನೊಬ್ಬಾಕೆ ಹಿಡಿಯಬೇಕು. ದೊಡ್ಡವ್ವ ತನ್ನ ದನಿಯನ್ನು ಹುಟ್ಟಿದಾಗಿನಿಂದ ಹೊರಗಿನಿಂದ ಕೇಳಿದವಳೇ ಅಲ್ಲ. ಎರಡು ದಿನ ತನಗೇ ತಾನು ಜೊತೆಗಾತಿಯಾಗಿ, ಮರ್ಯಾದೆಯಿಂದ ಕಾಯ್ದಿದ್ದಳು.

“ಒಬ್ಬಾಕಿನ ಹಾಡೂದು ಪದ ಅಲ್ಲೋ, ಗೊಣಗೂದು. ನಿಮ್ಮವ್ವ ಇದ್ದಾಗ ಆಕಿ ಹಿಡೀತಿದ್ಲು. ಆಕಿ ಹೋದಮ್ಯಾಲ ನಾ ಹಾಡೇ ಇಲ್ಲ. ಮೊನ್ನಿ ಈಕಿ ಸಿಕ್ಕಳಂತ ಎಷ್ಟು ಖುಷಿ ಆಗಿತ್ತು,” ಎಂದಳು.

ಅವಳ ಕಾಯುವಿಕೆಯನ್ನು ನಾನು ಯಂತ್ರದ ದೋಷವೆಂದು ರಿಪೇರಿ ಮಾಡಿ ಕುಳಿತಿದ್ದೆ. ಏನೂ ವಿವರಿಸದೆ ‘ಡೈರೆಕ್ಟ್’ ಆರಿಸಿದೆ, ಬಫರನ್ನು ಸಾಧ್ಯವಿದ್ದಷ್ಟು ಮೇಲೆ ಒಯ್ದೆ, ತಡ ಒಂದು ಸೆಕೆಂಡನ್ನೂ ದಾಟಿತು. ಮೂರು ದಿನ ಬೆವರು ಸುರಿಸಿ ಕಳೆದ ತಡವನ್ನು ಮತ್ತಿಷ್ಟು ಸೇರಿಸಿ ಮರಳಿ ತಂದೆ. “ಬಂದ್ಲು ನೋಡು!” ಎಂದು ದೊಡ್ಡವ್ವ ನಕ್ಕಳು. ಸಂಜೆಯೊಳಗೆ ಇಪ್ಪತ್ತೂ ಪದ ಹಾಡಿದಳು. ಒಂದೊಂದು ‘ಸ’ವೂ ಗಟ್ಟಿಯಾಗಿತ್ತು.

ಸೋಮವಾರ ಹಲ್ಲು ಹೋದವು. ಮನೆಯಲ್ಲಿ ಕುಳಿತು ರೆಕಾರ್ಡಿಂಗ್ ಕೇಳಿದಾಗ ಗೊತ್ತಾಯಿತು: ಕಿವಿಗೆ ಬರುತ್ತಿದ್ದ ಜೊತೆಗಾತಿ ರೆಕಾರ್ಡಿನಲ್ಲಿ ಇಲ್ಲ. ಸಾಲು ಸಾಲಿನ ನಡುವೆಯೂ ಬರೀ ಖಾಲಿ. ಹೀಗೆ ಕೇಳಿಸಿದರೆ ದೊಡ್ಡವ್ವ ನೊಂದುಕೊಳ್ಳುತ್ತಾಳೆಂದು, ಬಾಗಿಲು ಹಾಕಿಕೊಂಡು ಆ ಖಾಲಿಗಳನ್ನೆಲ್ಲ ನಾನೇ ತುಂಬಿದೆ. ಈ ಸಲ ‘ಡೈರೆಕ್ಟ್’ ಒತ್ತಿದ್ದೆ, ಹಸಿರು ದೀಪ ಉರಿಯುತ್ತಿತ್ತು, ತಂತಿಯಲ್ಲಿ ಕೂದಲೆಳೆಯಷ್ಟೂ ತಡವಿರಲಿಲ್ಲ.

ದೊಡ್ಡವ್ವ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕಣ್ಣು ಮುಚ್ಚಿ ಕೇಳಿದಳು. ತನ್ನ ದನಿಗೆ ತಲೆದೂಗಿದಳು. ಅಷ್ಟರಲ್ಲಿ ಅವಳ ಹುಬ್ಬು ಗಂಟಿಕ್ಕಿತು.

“ಈ ಹಿಂದ ಹಾಡಾಂವ ನೀನ ಏನೋ? ಶಾಲು ಶಾಲಿಗೂ ತಡಾ ಮಾಡ್ತಿಯಲ್ಲೋ!”

“ನಂದಲ್ಲ ದೊಡ್ಡವ್ವಾ, ಅದು ಬಫರಿಂದು,” ಎಂದೆ.

ಡಬ್ಬಿಗೆ ಬಾಯಿಲ್ಲದ್ದು ನನ್ನ ಪುಣ್ಯ.