ಮಾದರಿ ಓದುಗಿ

ಸಾಕ್ಷರ ನಗರಗಳ ಶ್ರೇಯಾಂಕದಲ್ಲಿ ಈ ನಗರಕ್ಕೆ ಒಂಬತ್ತನೆಯ ಸ್ಥಾನ ಬಂದದ್ದು ನಾಗರಿಕರ ಆತ್ಮಗೌರವಕ್ಕೆ ಬಿದ್ದ ಪೆಟ್ಟು ಎಂದು ನಗರಸಭೆ ದಾಖಲಿಸಿತು. ಎಂಟನೆಯ ಸ್ಥಾನ ಪಕ್ಕದ ಊರಿಗೆ ಸಿಕ್ಕಿತ್ತು. ನಿಜವಾದ ಪೆಟ್ಟು ಬಿದ್ದದ್ದು ಅಲ್ಲಿ.

ಶ್ರೇಯಾಂಕ ಸಮಿತಿಯವರು ತಲೆಗೆಷ್ಟು ಪುಸ್ತಕ, ತಲೆಗೆಷ್ಟು ಖಾಲಿ ಕುರ್ಚಿ, ಪುಸ್ತಕಗಳು ಎಷ್ಟು ಸುಸ್ಥಿತಿಯಲ್ಲಿವೆ ಎಂಬುದನ್ನು ಅಳೆಯುತ್ತಿದ್ದರು. ತಲೆಯೊಳಗೆ ಏನು ಹೋಯಿತು ಎಂದು ಅಳೆಯುವ ಸಾಧನ ಇನ್ನೂ ಸರಬರಾಜಾಗದ ಕಾರಣ ಅದಕ್ಕೆ ಅಂಕವಿರಲಿಲ್ಲ. ಆಯುಕ್ತರು ತಜ್ಞರಿಂದ ಅಧ್ಯಯನ ಮಾಡಿಸಿದರು. ಅಂಕಗಳು ಸೋರುತ್ತಿರುವುದು ಕೇಂದ್ರ ಗ್ರಂಥಾಲಯದಲ್ಲಿ, ಸೋರಿಕೆಗೆ ಕಾರಣ ಓದುಗರು ಎಂದು ವರದಿ ಬಂತು. ಅವರು ಬಂದು ಕುರ್ಚಿ ಹಿಡಿಯುತ್ತಾರೆ. ಪುಸ್ತಕ ಮನೆಗೆ ಒಯ್ದು ಕಪಾಟು ಬೋಳಾಗಿಸುತ್ತಾರೆ. ವಾಪಸು ತಂದುಕೊಟ್ಟರೂ ಪುಟದ ಮೂಲೆ ಮಡಚಿರುತ್ತಾರೆ.

ಗ್ರಂಥಪಾಲಕಿಗೆ ಆದೇಶ ತಲುಪಿತು: "ತಪಾಸಣೆ ಮುಗಿಯುವವರೆಗೆ ಗ್ರಂಥಾಲಯವು ಸಾರ್ವಜನಿಕರಿಗೆ ಎಂದಿನಂತೆ ತೆರೆದಿರತಕ್ಕದ್ದು. ಸಾರ್ವಜನಿಕರು ಒಳಗೆ ಬರತಕ್ಕದ್ದಲ್ಲ."

ಗ್ರಂಥಪಾಲಕಿ ಮೇಲಿನವರ ಮಾತು ಮೀರಿದವಳಲ್ಲ. ಒಬ್ಬೊಬ್ಬರನ್ನೇ ಎಬ್ಬಿಸಿ ಕಳಿಸಿದಳು. ಈ ಪ್ಯಾರಾ ಮುಗಿಸಿ ಹೋಗಲೇ ಎಂದು ದರ್ಜಿಯೊಬ್ಬ ಕೇಳಿಕೊಂಡ. ಅವಳು ಆಚೆ ಮುಖ ಮಾಡಿ ನಿಂತಳು. ಅವನು ಮುಗಿಸಿ ಹೋದ. ಕೊನೆಗೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಉಳಿದವರು ಅವಳ ಸ್ವಂತ ಅತ್ತೆ.

ಅತ್ತೆ ಅಕ್ಷರ ಕಲಿತದ್ದು ಅರವತ್ತು ದಾಟಿದ ಮೇಲೆ, ಸೊಸೆಯಿಂದಲೇ, ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ತಿದ್ದಿ. ಒಂದೊಂದು ಪದದ ಕೆಳಗೂ ಬೆರಳಿಟ್ಟು ಈಗ ಜೀವಮಾನದ ಮೊದಲ ಕಾದಂಬರಿ ಓದುತ್ತಿದ್ದರು.

"ಅತ್ತೆ, ಏಳ್ಬೇಕು. ಆರ್ಡರ್ ಬಂದಿದೆ."

"ದೋಣಿ ಮಗುಚಿ ಹುಡುಗ ನೀರಿಗೆ ಬಿದ್ದಿದಾನೆ ಕಣೇ. ಅವನ ಅಕ್ಕ ದಡದಲ್ಲಿ ನಿಂತಿದಾಳೆ. ಅವನೊಬ್ಬ ಮೇಲೆ ಬರ್ಲಿ, ಏಳ್ತೀನಿ."

ಸೊಸೆಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಷ್ಟರಲ್ಲಿ ಆಯುಕ್ತರೇ ಸಿದ್ಧತೆ ನೋಡಲು ಬಂದರು. ಸಾಲು ಸಾಲು ಖಾಲಿ ಕುರ್ಚಿ ನೋಡಿ ಕಣ್ಣು ತುಂಬಿಕೊಂಡರು. ಅತ್ತೆಯ ಮುಂದೆ ನಿಂತು ಗಲ್ಲ ಕೆರೆದುಕೊಂಡರು. ಒಬ್ಬರೂ ಇಲ್ಲದಿದ್ದರೆ ಬೀಗ ಹಾಕಿದ ಹಾಗೆ ಕಾಣುತ್ತದೆ, ಒಬ್ಬರು ಇರಲಿ ಎಂದರು. ಅತ್ತೆ ಅಲ್ಲೇ ನಗರದ ಮಾದರಿ ಓದುಗಿಯಾಗಿ ನೇಮಕಗೊಂಡರು. ಪುಸ್ತಕ ಸವೆಯಬಾರದೆಂದು ತೆರೆದ ಪುಟಗಳ ಮೇಲೆ ಗಾಜಿನ ಪೆಟ್ಟಿಗೆ ಕೂರಿಸಿ, ನಗರಸಭೆಯ ಮುದ್ರೆ ಹಾಕಲಾಯಿತು. ಆ ಪುಸ್ತಕದ ಇನ್ನೊಂದು ಪ್ರತಿ ಇರಲಿಲ್ಲ.

ಅತ್ತೆ ದಿನವೂ ಹೋಗಿ ಅದೇ ಎರಡು ಪುಟ ಓದಿ ಬರತೊಡಗಿದರು. ಹುಡುಗ ದಿನವೂ ನೀರಿಗೆ ಬೀಳುತ್ತಿದ್ದ. ಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಾಗಲೂ ಅವರ ಬೆರಳು ನೆಲದ ಮೇಲೆ ಏನನ್ನೋ ಹುಡುಕುತ್ತಿತ್ತು. ಸೊಸೆಗೆ ತಡೆಯಲಾಗಲಿಲ್ಲ. ಅವಳು ಕಾದಂಬರಿ ಓದಿದ್ದಳು. ಮುಂದಿನದು ಹೇಳಲು ಸುಲಭದ ವಿಷಯವಲ್ಲ, ಆದರೂ ಬೇಕಿದ್ದರೆ ಹೇಳುತ್ತೇನೆ ಎಂದಳು.

"ಬೇಡ," ಎಂದರು ಅತ್ತೆ. "ನೀನು ಹೇಳಿದ್ರೆ ಅದು ಕೇಳಿದ ಹಾಗಾಯ್ತು. ಕೇಳಿದ್ದು ಸಾಕು, ಜನ್ಮ ಪೂರ್ತಿ ಕೇಳಿದೀನಿ."

ತಪಾಸಣಾಧಿಕಾರಿ ಬಂದರು. ಯಾರೂ ಮುಟ್ಟದ ಪುಸ್ತಕಗಳನ್ನು ಮುಟ್ಟಿ ಮೆಚ್ಚಿದರು. ಗಾಜಿನ ಮುಂದೆ ನಿಂತು, ಯಾವಾಗಿನಿಂದ ಓದುತ್ತಿದ್ದೀರಿ ತಾಯಿ ಎಂದು ವಿಚಾರಿಸಿದರು. ಈ ಪುಟವನ್ನೋ, ತಿಂಗಳಾಗುತ್ತ ಬಂತು ಎಂದರು ಅತ್ತೆ. ಅಧಿಕಾರಿ ಕೂಡಲೇ ಪೆನ್ನು ತೆಗೆದರು. ಇಷ್ಟು ಆಳವಾದ ಓದನ್ನು ತಾವು ಬೇರೆ ಯಾವ ನಗರದಲ್ಲೂ ಕಂಡಿಲ್ಲವೆಂದು ಹೆಚ್ಚುವರಿ ಅಂಕ ಕೊಟ್ಟರು. ನಗರ ಮೊದಲ ಸ್ಥಾನಕ್ಕೆ ಏರಿತು. ಪಕ್ಕದ ಊರಿನವರು ಗಾಜು ಖರೀದಿಗೆ ಟೆಂಡರ್ ಕರೆದರು.

ಇನ್ನು ಪೆಟ್ಟಿಗೆ ತೆಗೆಯಬಹುದಲ್ಲ ಎಂದು ಗ್ರಂಥಪಾಲಕಿ ಕೇಳಿದಳು. ಸ್ಥಾನ ಗಳಿಸುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ ಎಂದರು ಆಯುಕ್ತರು. ಹುಟ್ಟಿದಾರಭ್ಯ ಯಾರಿಗೂ ಎದುರಾಡದವಳು ಅಂದು ಅವರ ಕೋಣೆಯಲ್ಲೇ ಕುರ್ಚಿ ಎಳೆದುಕೊಂಡು ಕೂತಳು. ಮರುದಿನವೂ ಬಂದು ಕೂತಳು. ಖಾಲಿ ಕುರ್ಚಿಯ ಬೆಲೆ ಬಲ್ಲ ಆಯುಕ್ತರು ಮಣಿದರು. ಒಂದು ಹಾಳೆ ತಿರುಗಿಸಲು ಮಂಜೂರಾತಿ ಸಿಕ್ಕಿತು. ಉದ್ಯಾನ ಇಲಾಖೆ ಹೂವು ಒದಗಿಸಿತು, ಅಗ್ನಿಶಾಮಕ ದಳ ಹೊರಗೆ ಸಜ್ಜಾಗಿ ನಿಂತಿತು.

ಸಮಾರಂಭಕ್ಕೆ ಊರೇ ನೆರೆಯಿತು. ಆಯುಕ್ತರು ಮುದ್ರೆ ಒಡೆಸಿ, ಹೆಬ್ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸಿದರು. ಗಾಜು ಮತ್ತೆ ಕೂತಿತು, ಮುದ್ರೆ ಬಿತ್ತು.

"ಸಾರ್, ಎರಡು ಹಾಳೆ ಅಂಟಿಕೊಂಡು ಒಟ್ಟಿಗೇ ತಿರುಗಿದ್ವು," ಎಂದಳು ಗ್ರಂಥಪಾಲಕಿ.

ಮಂಜೂರಾದದ್ದು ಒಂದೇ ಆದ್ದರಿಂದ ಆಯುಕ್ತರು ಕ್ಷಣಕಾಲ ಬೆವರಿದರು. ಹಿಂದಕ್ಕೆ ತಿರುಗಿಸುವುದಕ್ಕೆ ನಿಯಮದಲ್ಲಿ ಅವಕಾಶವಿರಲಿಲ್ಲ. ಪ್ರಚಾರಾಧಿಕಾರಿ ಮೈಕು ಹಿಡಿದು, ನಗರದ ಓದಿನ ವೇಗ ಇಂದು ದುಪ್ಪಟ್ಟಾಗಿದೆ ಎಂದು ಘೋಷಿಸಿದ. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅತ್ತೆ ಗಾಜಿನ ಮೇಲೆ ಬೆರಳಿಟ್ಟು ಓದುತ್ತಿದ್ದರು. ಹುಡುಗ ಏನಾದ ಎಂದು ಯಾರೋ ಕೇಳಿದರು.

"ಬರೆದಿಲ್ಲ. ಮನೇಲಿ ಎಲ್ಲರೂ ಊಟಕ್ಕೆ ಕೂತಿದಾರೆ. ಅಕ್ಕ ಬಡಿಸ್ತಿದಾಳೆ." ಸೊಸೆಯ ಮುಖ ನೋಡಿದರು. "ಬಡಿಸ್ತಿದಾಳೆ ಅಂದ್ಮೇಲೆ ಬದುಕಿರ್ಬೇಕು, ಅಲ್ವೇನೇ?"

ಸೊಸೆ ಉತ್ತರಿಸುವ ಮೊದಲೇ ಆಯುಕ್ತರು ಎದ್ದು ನಿಂತರು. ಇಂಥ ವಿಷಯದಲ್ಲಿ ನಾಗರಿಕರು ಸಂದೇಹದಲ್ಲಿ ಉಳಿಯಬಾರದು, ಹುಡುಗ ಬದುಕಿದ್ದಾನೆ ಎಂಬುದನ್ನು ಒಪ್ಪುವವರು ಕೈ ಎತ್ತಬೇಕು ಎಂದರು. ಸಭೆಯಲ್ಲಿದ್ದವರೆಲ್ಲ ಕೈ ಎತ್ತಿದರು. ದರ್ಜಿಯೂ ಎತ್ತಿದ.

ಅವರಲ್ಲಿ ನಡುವೆ ತಪ್ಪಿಹೋದ ಆ ಪುಟಗಳನ್ನು ಓದಿದ್ದವಳು ಗ್ರಂಥಪಾಲಕಿ ಒಬ್ಬಳೇ. ಅವಳು ಅತ್ತೆಯ ಕಡೆ ನೋಡಿದಳು, ಕೈ ಎತ್ತಿದಳು.