ಕೆಡಲೊಲ್ಲದ ಕಂಪ್ಯೂಟರು

ಖಮೈಸನ ಕಂಪ್ಯೂಟರು ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ಕೆಟ್ಟಿರಲಿಲ್ಲ. ಅವನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಸ್ಫಾಕ್ಸ್ ಊರಾಚೆಯ ಆ ಎಣ್ಣೆ ಗಾಣಕ್ಕೆ ಆಲಿವ್ ಹೊತ್ತು ಬರುವ ಲಾರಿಗಳನ್ನೆಲ್ಲ ತೂಗಿ ಚೀಟಿ ಕೊಡುತ್ತಿದ್ದುದು ಅದೇ ಲಿನಕ್ಸ್ ಕಂಪ್ಯೂಟರು. ಅದನ್ನು ನೋಡಿಕೊಳ್ಳುವುದು ಖಮೈಸನ ಕೆಲಸ. ಬೆಳಿಗ್ಗೆ ಮಾಲೀಕ ಸೀ ತಯ್ಯಿಬ್ ಅವನನ್ನು ಕರೆದು ಕೇಳಿದ್ದರು: "ಅಲ್ರೀ ಖಮೈಸ್, ಅದು ಕೆಡೋದೇ ಇಲ್ಲ. ಮತ್ತೆ ನಿಮಗ್ಯಾಕ್ರೀ ಸಂಬಳ? ಯೋಚ್ನೆ ಮಾಡಿ ಸಂಜೆ ಹೇಳ್ತೀನಿ."

ಐವತ್ತು ದಾಟಿದವನಿಗೆ ಇನ್ನೆಲ್ಲಿ ಕೆಲಸ ಸಿಗಬೇಕು? ಮುಖ ಬಾಡಿಸಿಕೊಂಡು ಬಂದು ಕೂತವನಿಗೆ ಪಕ್ಕದ ಕುರ್ಚಿಯ ಗುಮಾಸ್ತೆ ಜಾಝಿಯಾ ದಾರಿ ತೋರಿಸಿದಳು. ಕೇಳದಿದ್ದರೂ ದಾರಿ ತೋರಿಸುವುದು ಅವಳ ಹುಟ್ಟುಗುಣ.

"ಅಯ್ಯೋ ಅಣ್ಣ, ಒಂದ್ಸಲ ಕೆಡಿಸಿಬಿಡಿ. ಲಾರಿಯೋರು ಹಾರನ್ ಹೊಡ್ದು ಊರು ಎಬ್ಬಿಸ್ಲಿ. ಆಮೇಲೆ ನೀವೇ ಸರಿ ಮಾಡಿ. ಆಗ ಗೊತ್ತಾಗುತ್ತೆ ನಿಮ್ಮ ಬೆಲೆ!"

ಖಮೈಸ್ 'ಕಿಲ್' ಎಂದು ಒತ್ತಿದ. ತೂಕದ ಪ್ರೋಗ್ರಾಂ ಸತ್ತಿತು. ಹೊರಗೆ ಲಾರಿಯವನು ಹಾರನ್ನಿಗೆ ಕೈ ಇಡುವಷ್ಟರಲ್ಲಿ ಪ್ರಿಂಟರು ಕಿರ್ರೆಂದು ಚೀಟಿ ಉಗುಳಿತು! ಮತ್ತೆ ಕೊಂದ. ಮತ್ತೆ ಎದ್ದಿತು. ಸಿಟ್ಟಿನಲ್ಲಿ ಫೈಲನ್ನೇ ಅಳಿಸಿದ. ಎಲ್ಲಿಂದಲೋ ಇನ್ನೊಂದು ಬಂದು ಕೂತಿತು, ಹೊಸಕಿದಷ್ಟೂ ಹುಟ್ಟುವ ತಿಗಣೆಯ ಹಾಗೆ.

"ಏನಣ್ಣ, ಕೆಡಿಸೋಕೂ ಬರಲ್ವಾ ನಿಮಗೆ? ನಮ್ಮನೆಯವರು ಮುಟ್ಟಿದ್ದೆಲ್ಲ ಕೆಡುತ್ತೆ, ಕರೀಲಾ?"

ಅವನು ಬೇಡವೆನ್ನುವ ಮೊದಲೇ ಅವಳು ಫೋನೆತ್ತಿದ್ದಳು, ಗಂಡನಿಗಲ್ಲ, ಮಾಲೀಕರಿಗೆ. "ಕಂಪ್ಯೂಟರ್ ಸತ್ತೋಗಿದೆ, ಸೀ ತಯ್ಯಿಬ್! ಖಮೈಸಣ್ಣ ಬಿಟ್ರೆ ಯಾರ ಕೈಲೂ ಆಗಲ್ಲ!"

ಖಮೈಸ್ ಗಾಬರಿಯಿಂದ ಇನ್ನೊಮ್ಮೆ ಕೊಂದ. ಆಗ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಭಾನುವಾರ ಕುಸ್‌ಕುಸ್ ಉಂಡು ಮಲಗಿದಾಗ ಯಾರೂ ಕರೆಯಬಾರದೆಂದು ಅವನೇ ಒಂದು ಸ್ಕ್ರಿಪ್ಟ್ ಬರೆದಿಟ್ಟಿದ್ದ. ಅದು ನಿಮಿಷಕ್ಕೊಮ್ಮೆ ಇಣುಕಿ, ಪ್ರೋಗ್ರಾಂ ಸತ್ತಿದ್ದರೆ ಎಬ್ಬಿಸುತ್ತಿತ್ತು, ಫೈಲ್ ಕಾಣದಿದ್ದರೆ ನಕಲು ತಂದಿಡುತ್ತಿತ್ತು. ಅದನ್ನು ನಿಲ್ಲಿಸಬೇಕೆನ್ನುವಷ್ಟರಲ್ಲಿ ಸೀ ತಯ್ಯಿಬ್ ಏದುಸಿರು ಬಿಡುತ್ತ ಬೆನ್ನ ಹಿಂದೆ ಬಂದು ನಿಂತರು. ಅವರ ಕಣ್ಣೆದುರೇ ಕಂಪ್ಯೂಟರು ತಾನಾಗಿ ಎದ್ದು ಚೀಟಿ ಕೊಟ್ಟಿತು.

"ನೀವು ಮುಟ್ಟಲೇ ಇಲ್ವಲ್ರೀ! ತಾನೇ ಏಳೋ ಹಾಗೆ ಯಾರ್ರೀ ಮಾಡಿದ್ದು?"

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಇಷ್ಟು ವರ್ಷಗಳಲ್ಲಿ ಅವನ ಕೆಲಸದ ಬಗ್ಗೆ ಯಾರೂ ಒಂದು ಮಾತು ಕೇಳಿದ್ದಿಲ್ಲ.

"ನಾನೇ ಬರೆದಿದ್ದು," ಎಂದುಬಿಟ್ಟ ಪಾಪ, ಎದೆಯುಬ್ಬಿಸಿ.

ಸೀ ತಯ್ಯಿಬ್ ಅವನ ಎರಡೂ ಕೆನ್ನೆಗೆ ಮುತ್ತಿಟ್ಟರು. ಒಂದು ಡಬ್ಬ ಹೊಸ ಎಣ್ಣೆ ತರಿಸಿ ಕೈಗಿತ್ತರು. "ಭೇಷ್! ನೀವಿಲ್ದಿದ್ರೂ ನಡೆಯೋ ಹಾಗೆ ಮಾಡಿಟ್ಟಿದ್ದೀರಿ. ನನ್ನ ಯೋಚ್ನೆ ತೀರ್ತು. ನಾಳೆಯಿಂದ ಬರೋದು ಬೇಡ, ಜಾಝಿಯಾ ನೋಡ್ಕೋತಾಳೆ."

ಸಂಜೆ ಡಬ್ಬ ಹೊತ್ತು ಹೊರಟವನ ಹಿಂದೆ ಜಾಝಿಯಾ ಓಡಿ ಬಂದಳು. ಅತ್ತು ಅವಳ ಕಣ್ಣು ಕೆಂಪಾಗಿತ್ತು.

"ಅಣ್ಣ, ಅದು ಕೆಟ್ರೆ ನಾನೇನ್ ಮಾಡ್ಲಿ?"

"ಏನೂ ಮಾಡ್ಬೇಡಮ್ಮ. ಒಂದ್ನಿಮಿಷ ಸುಮ್ನೆ ಕೂತಿರು," ಎಂದ ಖಮೈಸ್. "ಒಂಬತ್ತು ವರ್ಷ ನಾನೂ ಅಷ್ಟೇ ಮಾಡಿದ್ದು."